ನೂಗ್ ಜೊತೆ ಮೆತೆರೆ, ಜೇನಿನ ಜೊತೆ ವಾಯುವಿಡಂಗ

ಹೊಟ್ಟೆ ಕೆಟ್ಟರೆ ಊರ ಕಡೆ ಮೊದಲು ಒಲೆಗೇರುವುದು ಕಷಾಯ. ಜೀರಿಗೆ, ಓಮ, ಶುಂಠಿ, ಕೊತ್ತಂಬರಿ ಬೀಜ, ಸಿಕ್ಕರೆ ದಾಳಿಂಬೆ ಸಿಪ್ಪೆ, ಎಲ್ಲವೂ ಒಂದೇ ಪಾತ್ರೆಗೆ. ಅಜೀರ್ಣಕ್ಕೆ ಅದು ಸಾಕು. ಹೊಟ್ಟೆಹುಳಕ್ಕೆ ಮಾತ್ರ ಇಥಿಯೋಪಿಯಾದವರ ಕ್ರಮವೇ ಲೇಸೆಂದು ಆಡಿಸ್ ಅಬಾಬಾದಲ್ಲಿ ಕೂತು ನನಗನ್ನಿಸಿದೆ: ಕೆಲಸ ಮಾಡುವ ಗಿಡ ಒಂದು, ಅದನ್ನು ಹೊಟ್ಟೆಗೆ ಇಳಿಸುವ ಪದಾರ್ಥ ಇನ್ನೊಂದು, ಅಷ್ಟೇ.

ಹಸಿ ದನದ ಮಾಂಸ ತಿನ್ನುವ ರೂಢಿಯಿಂದಾಗಿ ಲಾಡಿಹುಳ ಇಲ್ಲಿನ ಹಳೆಯ ಕಾಟ. ಅದಕ್ಕೆ ಮೆತೆರೆ ಗಿಡದ ಬೀಜವನ್ನು ನೂಗ್ ಜೊತೆ ಅರೆದು, ಮೆತ್ತನೆಯ ಮುದ್ದೆ ಮಾಡಿ ಬರಿಹೊಟ್ಟೆಗೆ ಕೊಡುತ್ತಾರೆ. ನೂಗ್ ಅಂದರೆ ನಮ್ಮ ಹುಚ್ಚೆಳ್ಳು, ಧಾರವಾಡದ ಕಡೆಯ ಗುರೆಳ್ಳು. ಅದರ ತವರೇ ಇಥಿಯೋಪಿಯಾ. ಮೆತೆರೆ ಬೀಜ ತೀರಾ ಸಣ್ಣದು. ನೂಗ್‌ನ ಎಣ್ಣೆಯಂಶ ಅದನ್ನು ಹಿಡಿದು ಮುದ್ದೆ ಕಟ್ಟುತ್ತದೆ.

ಎಂಕೊಕೊ ಎಂಬ ಇನ್ನೊಂದು ಕಾಯಿ ನಮ್ಮ ವಾಯುವಿಡಂಗದ ದಾಯಾದಿ. ಎರಡರಲ್ಲೂ ಹುಳದ ಮೇಲೆ ಕೆಲಸ ಮಾಡುವ ಎಂಬೆಲಿನ್ ಎಂಬ ಸತ್ವ ಇದೆ. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ವಾಯುವಿಡಂಗವನ್ನು ಕುದಿಸಿ ಸೋಸಿ ಕುಡಿದರೆ ಎಂಬೆಲಿನ್ ಬಹುಪಾಲು ಚರಟದಲ್ಲೇ ಉಳಿಯುತ್ತದೆ. ಆಯುರ್ವೇದ ಅದರ ಚೂರ್ಣವನ್ನು ಜೇನಿನಲ್ಲಿ ಕಲಸಿ ಕೊಡುವುದು, ಇಲ್ಲಿನವರು ಎಂಕೊಕೊವನ್ನು ಪುಡಿ ಮಾಡಿ ನುಂಗಿಸುವುದು ಇದಕ್ಕೇ ಹೊಂದುತ್ತದೆ. ಮನೆಯ ಕಷಾಯದಲ್ಲಿ ನಾವು ಇದನ್ನು ಮರೆತಿದ್ದೇವೆ.

ಲಾಡಿಹುಳಕ್ಕೆ ಇಲ್ಲಿ ಕೊಡುವ ಇನ್ನೊಂದು ಮದ್ದು ಕೊಸ್ಸೊ. ಅದರ ವಿಷಯದಲ್ಲಿ ನನಗೆ ನಿಜವಾಗಿ ಭಯವಿದೆ. ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಮರದ ಹೆಣ್ಣು ಹೂವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕದಡಿ ಬೆಳಿಗ್ಗೆ ಕುಡಿಯುತ್ತಾರೆ. ಅಳತೆ ಹಿಡಿಯಲ್ಲಿ. ಹಿಡಿ ಕೈಯಿಂದ ಕೈಗೆ ಬೇರೆ. ಹಳೆಯ ಹೂವಿಗೆ ಕಸುವು ಕಡಿಮೆ, ಹೊಸತಕ್ಕೆ ಹೆಚ್ಚು. ಹಳೆಯ ಹೂವಿಗೆ ಒಗ್ಗಿದ ಹಿಡಿಯಲ್ಲೇ ಹೊಸ ಹೂವನ್ನು ಅಳೆದರೆ ಪ್ರಮಾಣ ಮೀರುತ್ತದೆ. ವಾಂತಿಯಿಂದ ಹಿಡಿದು ಕಣ್ಣಿನ ದೃಷ್ಟಿ ಹೋಗುವವರೆಗೂ ಆಗಿದ್ದಿದೆ. ಅಳತೆಯಲ್ಲಿ ನಮ್ಮ ಶಾಸ್ತ್ರವೇ ಮೇಲು: ಕಷಾಯಕ್ಕೆ ಮೃದು ದ್ರವ್ಯವಾದರೆ ನಾಲ್ಕು ಪಾಲು ನೀರು, ಮಧ್ಯಮಕ್ಕೆ 8, ಗಟ್ಟಿ ಬೇರು ತೊಗಟೆಗೆ 16, ಕಾಲು ಭಾಗಕ್ಕೆ ಇಳಿಸುವುದು.

ಆದರೆ ನಮ್ಮದೊಂದು ರೂಢಿ ಇಲ್ಲಿ ಅಪಾಯ. ಹುಳದ ಮದ್ದಿನ ಬೆನ್ನಿಗೇ ಹರಳೆಣ್ಣೆ ಕುಡಿಸುತ್ತೇವಲ್ಲ, ಅದು. ಕೊಸ್ಸೊದ ಸತ್ವ ಯುರೋಪಿನ ಹಳೆಯ ಹುಳಮದ್ದಾದ ಮೇಲ್ ಫರ್ನ್ ಸತ್ವದ ಜಾತಿಯದೇ. ಎಣ್ಣೆ ಸೇರಿದರೆ ಮೇಲ್ ಫರ್ನ್ ಕರುಳಿನಿಂದ ರಕ್ತಕ್ಕೆ ಹೆಚ್ಚು ಹೀರಿ ವಿಷವಾಗುತ್ತದೆಂದು ವೈದ್ಯರು ಅದರ ಜೊತೆ ಹರಳೆಣ್ಣೆ ಬೇಡವೆನ್ನುತ್ತಿದ್ದರು. ಕೊಸ್ಸೊಗೂ ಅದೇ ಎಚ್ಚರ ಇರಬೇಕು. ನನ್ನ ಮಾತು ಕೇಳುವುದಾದರೆ ಕೊಸ್ಸೊವನ್ನೇ ಬಿಡಿ; ಲಾಡಿಹುಳಕ್ಕೆ ವೈದ್ಯರು ಬರೆದುಕೊಡುವ ಅಳತೆಯ ಗುಳಿಗೆ ಇದೆ.

ಟೇನಾ ಆದಮ್ ಸೊಪ್ಪು, ಅಂದರೆ ನಮ್ಮ ನಾಗದಾಳಿಯ ಬಳಗದ್ದು, ಹೊಟ್ಟೆ ಹಿಡಿದುಕೊಂಡಾಗ ಒಂದು ಎಸಳು ಕಾಫಿಗೆ ಬೀಳುತ್ತದೆ. ಬಸುರಿಯರು ಇದನ್ನು ಮುಟ್ಟಬಾರದು, ಗರ್ಭಪಾತವಾಗುವ ಅಪಾಯವಿದೆ. ಹೊಟ್ಟೆ ಕೆಟ್ಟಾಗ ಕೊಡುವ ಫೆತೊ ಎಂಬುದು ಅಳ್ವಿ ಬೀಜ. ಒಣಗಿದ್ದಾಗಲೇ ಪುಡಿ ಮಾಡಿ ಆಮೇಲೆ ನಿಂಬೆರಸ ಹಾಕಬೇಕು, ನೆಂದ ಮೇಲೆ ಲೋಳೆ ಬಂದು ಅರೆಯಲಾಗದು.

ಭೇದಿಯಾಗುತ್ತಿರುವಾಗ ಈ ಹುಳದ ಮದ್ದು ಯಾವುದೂ ಬೇಡ. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ 6 ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು, ಚಮಚ ಮಟ್ಟಸವಾಗಿರಲಿ. ರಕ್ತ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.