ಎಲ್ಲಿವರೆಗೆ ಇಳಿಯುತ್ತೆ ಅಳಿಯಂದಿರೇ?

ಈ ಅಂಗಡಿಯವರಿಗೆ ವ್ಯಾಟ್ ಬಿಟ್ಟು ಬೇರೆ ಲೋಕವೇ ಇಲ್ವಾ ಅಂತ ಹೋದ ವಾರದಿಂದ ನನಗೆ ತಲೆ ಕೆಟ್ಟಿದೆ. ಮೈಸೂರಿನ ಒಂದು ಅಂಗಡಿಗೆ ಹೋಗಿ ಸಬ್‌ವೂಫರ್, ಅಂದರೆ ಬೇಸ್ ಅನ್ನುವ ತಗ್ಗಿನ ದಪ್ಪ ದನಿಗೆ ಅಂತಲೇ ಇರುವ ಸ್ಪೀಕರ್ ಪೆಟ್ಟಿಗೆ, ಬೇಕು ಅಂದೆ. ಬಾಯಿ ಮುಚ್ಚುವ ಮೊದಲೇ ಹುಡುಗ ಕೇಳಿದ, "ಎಷ್ಟು ವ್ಯಾಟ್ ಸರ್?" ಹಾಲ್ ಎಷ್ಟು ದೊಡ್ಡದು, ಈಗ ಯಾವ ಸ್ಪೀಕರ್ ಇದೆ, ಯಾವ ಆಂಪ್ಲಿಫೈಯರ್ ಇದೆ, ಒಂದೂ ವಿಚಾರಿಸಲಿಲ್ಲ. ಒಂದು ಪೆಟ್ಟಿಗೆ ಎಳೆದು ತಂದ. ಹಣೆಯ ಮೇಲೆ ಹೊಳೆಯುವ ಸ್ಟಿಕ್ಕರ್, 8000 ವ್ಯಾಟ್ ಪಿಎಂಪಿಒ, ಅಂದರೆ ಕ್ಷಣಮಾತ್ರದ ಗರಿಷ್ಠ ಶಕ್ತಿ ಅಂತ ಕಂಪನಿ ಹೇಳಿಕೊಳ್ಳುವ ಲೆಕ್ಕ. ತಿರುಗಿಸಿ ಬೆನ್ನು ನೋಡಿದೆ. ಇರುವೆ ಗಾತ್ರದ ಅಕ್ಷರದಲ್ಲಿ ವಿದ್ಯುತ್ ಬಳಕೆ 60 ವ್ಯಾಟ್ ಅಂತಿದೆ. 60 ಕುಡಿದು 8000 ಕಕ್ಕುವ ಯಂತ್ರ ನಿಜವಾಗಿಯೂ ಇದ್ದರೆ ಅದನ್ನು ಟಿವಿ ಪಕ್ಕ ಯಾಕೆ ಇಡಬೇಕು? ಮಳೆಗಾಲದಲ್ಲಿ ಇಡೀ ಕೊಡಗಿಗೆ ಕರೆಂಟ್ ಕೊಡಬಹುದಲ್ಲ.

ಹಾಗಂತ ಹೇಳಿಯೂ ಬಿಟ್ಟೆ. ಹುಡುಗ ಪಾಪ ನಕ್ಕ. "ಅದು ಪೀಕ್ ಸರ್" ಅಂದ.

ನನ್ನ ಕಷ್ಟ ಏನಪ್ಪಾ ಅಂದ್ರೆ, ಕೊಡಗಿನ ಸಿದ್ದಾಪುರದ ಕಡೆ ಇರುವ ನಮ್ಮ ಮನೆಯ ಹಾಲ್ ಗೋಡೆಯಲ್ಲಿ ಎರಡು ಪ್ಯಾಸಿವ್ ಸ್ಪೀಕರ್ ಕೂತಿವೆ. ಪ್ಯಾಸಿವ್ ಅಂದರೆ ಅವುಗಳ ಹೊಟ್ಟೆಯಲ್ಲಿ ಆಂಪ್ ಇರುವುದಿಲ್ಲ, ಹೊರಗಿನ ಆಂಪ್ ದೂಡಿದಷ್ಟು ಹಾಡುತ್ತವೆ. ಮನೆ ರಿಪೇರಿ ಆದಾಗ ವೈರ್ ಎಲ್ಲ ಗಾರೆಯ ಒಳಗೆ ಹೋಗಿದೆ, ಮೇಲೆ ಬಣ್ಣವೂ ಆಗಿದೆ. ನೆಲದ ಮೇಲೆ ಪೆಟ್ಟಿಗೆ ಸಾಲು ಬೇಡ ಅಂತ ಹೆಂಡತಿಯ ಆಜ್ಞೆ ಇತ್ತು, ಅದೂ ನೆರವೇರಿತು. ಆದರೆ ಬರೀ ನಾಲ್ಕು ಇಂಚಿನ ಕೋನ್ ಅಲ್ವಾ? ಮಾತು, ಕೊಳಲು, ಪಿಟೀಲು ಎಲ್ಲ ಲಕ್ಷಣವಾಗಿ ಕೇಳುತ್ತೆ. 100 ಹರ್ಟ್ಸ್‌ಗಿಂತ ಕೆಳಗೆ, ಅಂದರೆ ಸೆಕೆಂಡಿಗೆ ನೂರಕ್ಕಿಂತ ಕಡಿಮೆ ಕಂಪನದ ದಪ್ಪ ಸ್ವರಕ್ಕೆ ಮಾತ್ರ, ಮೌನವ್ರತ. ತಬಲಾ ಬಾರಿಸುವವನಿಗೆ ಎಡಗೈಯೇ ಇಲ್ಲವೇನೋ ಅನಿಸುತ್ತೆ.

ಇನ್ನು ನನ್ನ ಆಂಪ್ ಹಳೇ ಸ್ಟೀರಿಯೋ. ಅದರಲ್ಲಿ ಸಬ್‌ವೂಫರ್‌ಗೆ ಅಂತ ಬೇರೆ ಔಟ್‌ಪುಟ್ ಇಲ್ಲ. ಹಾಗಾಗಿ ನನಗೆ ಬೇಕಾದ್ದು ತನ್ನದೇ ಆಂಪ್ ಇರುವ, ಹಿಂದೆ ಸ್ಪೀಕರ್ ವೈರನ್ನೇ ನೇರ ಸಿಕ್ಕಿಸಲು ಕೆಂಪು ಕಪ್ಪು ಟರ್ಮಿನಲ್ ಇರುವ ಸಬ್‌ವೂಫರ್. ಹೈ ಲೆವೆಲ್ ಇನ್‌ಪುಟ್ ಅಂತಾರೆ. ಆಂಪ್‌ನಿಂದ ಗೋಡೆ ಸ್ಪೀಕರ್‌ಗೆ ಹೋಗುವ ವೈರ್ ಹಾಗೇ ಇರುತ್ತೆ, ಅದರ ಜೊತೆಗೆ ಇನ್ನೊಂದು ಜೋಡಿ ವೈರ್ ಸಬ್‌ಗೆ. ಆಂಪ್‌ಗೆ ಅದೇನೂ ಭಾರ ಅನಿಸುವುದಿಲ್ಲ. ಇದನ್ನು ವಿವರಿಸಿ ವಿವರಿಸಿ ನನ್ನ ಗಂಟಲು ಒಣಗಿತು. ಒಬ್ಬರು "ಆರ್‌ಸಿಎ ಪಿನ್ ಹಾಕಿಬಿಡಿ ಸರ್" ಅಂದರು. ಅದಕ್ಕೆ ಬೇಕಾದ ಔಟ್‌ಪುಟ್ಟೇ ನನ್ನ ಆಂಪ್‌ನಲ್ಲಿ ಇಲ್ಲ, ಎಲ್ಲಿಗೆ ಹಾಕಲಿ, ಕಿವಿಗಾ? ಇನ್ನೊಬ್ಬರು "ಅದೆಲ್ಲ ಬಿಸಾಕಿ, ಹೋಮ್ ಥಿಯೇಟರ್ ಸೆಟ್ ತಗೊಳ್ಳಿ" ಅಂದರು, ಗೋಡೆ ಒಡೆಯುವ ಖರ್ಚು ಅವರಪ್ಪ ಕೊಡುತ್ತಾರೆ ಅನ್ನೋ ಹಾಗೆ. ಕುಶಾಲನಗರದಲ್ಲಿ ಒಬ್ಬರು ಕಾರಿಗೆ ಹಾಕುವ ಬೇಸ್ ಟ್ಯೂಬ್ ತೋರಿಸಿ, 12 ವೋಲ್ಟ್ ಬ್ಯಾಟರಿ ಇಟ್ಟುಕೊಳ್ಳಿ, ಕರೆಂಟ್ ಹೋದರೂ ಓಡುತ್ತೆ ಅಂದರು. ನಿಜ ಹೇಳಬೇಕಂದ್ರೆ ನಮ್ಮೂರಿನ ಜೂನ್, ಜುಲೈ ನೋಡಿದವರಿಗೆ ಇದೇ ಎಲ್ಲಕ್ಕಿಂತ ಬುದ್ಧಿವಂತ ಸಲಹೆ ಅನಿಸಬೇಕು.

ಇಷ್ಟು ಅಂಗಡಿ ಸುತ್ತಿದರೂ ಯಾರೂ ಕೇಳದ ಸರಿಯಾದ ಪ್ರಶ್ನೆ ಕೇಳಿದ್ದು ನಮ್ಮ ಮಾವ.

"ಎಲ್ಲಿವರೆಗೆ ಇಳಿಯುತ್ತೆ ಅಳಿಯಂದಿರೇ?"

ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸಬ್‌ವೂಫರ್ ಬಗ್ಗೆ ಮೊದಲು ಕೇಳಬೇಕಾದ್ದೇ ಅದು, ಎಷ್ಟು ಹರ್ಟ್ಸ್‌ವರೆಗೆ ಇಳಿಯುತ್ತೆ ಅಂತ. ಮನುಷ್ಯನ ಕಿವಿಗೆ 20 ಹರ್ಟ್ಸ್ ತಳ. ವ್ಯಾಟ್ ಎರಡರಷ್ಟು ಮಾಡಿದರೆ ಸದ್ದಿನ ಅಳತೆಯಲ್ಲಿ ಸಿಗುವುದು 3 ಡೆಸಿಬಲ್, ಅಷ್ಟಕ್ಕೆ ಕಿವಿಗೆ ಸ್ವಲ್ಪವೇ ಜಾಸ್ತಿ ಅನಿಸುತ್ತೆ. ಮಾವನಿಗೆ ಇದೆಲ್ಲ ಹೇಗೆ ಗೊತ್ತು ಅಂತ ಹಿಗ್ಗಿ ಹೀರೇಕಾಯಿಯಾದೆ. 30 ಹರ್ಟ್ಸ್ ಇಳಿದರೆ ಸಾಕು ಮಾವ, ಇನ್ನೂ ಇಳಿದರೆ ಒಳ್ಳೆಯದೇ ಅಂದೆ.

"24ರ ಕೆಳಗೆ ಬೇಡ. ಆನೆಗೆ ಕೇಳುತ್ತೆ."

ಯಾವುದೋ ವಿಡಿಯೋ ನೋಡಿದ್ದಾರೆ. ವಿಷಯ ಸುಳ್ಳಲ್ಲ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಮುಂದೆ ನಿಂತಿದ್ದ ಪ್ರಾಣಿಗಳ ದನಿ ಅಧ್ಯಯನ ಮಾಡುತ್ತಿದ್ದ ಕೇಟಿ ಪೇನ್ ಎಂಬಾಕೆಗೆ ಸದ್ದೇ ಇಲ್ಲದೆ ಗಾಳಿ ಅದುರಿದ ಹಾಗೆ ಅನಿಸಿತು. ಆಮೇಲೆ ರೆಕಾರ್ಡ್ ಮಾಡಿ ನೋಡಿದರೆ ಆನೆಗಳು 14ರಿಂದ 24 ಹರ್ಟ್ಸ್‌ನಲ್ಲಿ ಮಾತಾಡಿಕೊಳ್ಳುತ್ತಿದ್ದವು. ಇದನ್ನು ಓದಿ ಬೇರೆಯವರು ಅಬ್ಬಾ ಅಂದು ಮುಂದೆ ಹೋಗುತ್ತಾರೆ. ನಮ್ಮ ಮಾವ ಹೋಗುವುದಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ತೋಟಕ್ಕೆ ಆನೆ ನುಗ್ಗಿ ಕಾಫಿ ಗಿಡ ತುಳಿದು, ಬಾಳೆ ಸಿಗಿದು, ಸೋಲಾರ್ ಬೇಲಿಯ ಮೇಲೆ ಮರ ಕೆಡವಿ ಹೋಗುವುದನ್ನು ವರ್ಷಾ ವರ್ಷಾ ಕಂಡವರು ಅವರು. ನಾನು ದುಡ್ಡು ಕೊಟ್ಟು ಆನೆಗೆ ಕರೆಯೋಲೆ ತರುತ್ತಿದ್ದೇನೆ ಅಂತ ಅವರ ಲೆಕ್ಕ.

ಅಲ್ಲಿಂದ ಶುರುವಾಯಿತು. ಮೊಬೈಲ್‌ನಲ್ಲಿ ಯಾವ ಮಾಡೆಲ್ ತೋರಿಸಿದರೂ ಕನ್ನಡಕ ಏರಿಸಿ, ಬೆಲೆ ನೋಡದೆ, ಫೋಟೋ ನೋಡದೆ, ಬೆರಳಲ್ಲಿ ಪುಟ ಸರಿಸುತ್ತಾ ಎಷ್ಟು ಹರ್ಟ್ಸ್‌ವರೆಗೆ ಹಾಡುತ್ತೆ ಅಂತ ಹೇಳುವ ಫ್ರೀಕ್ವೆನ್ಸಿ ರೆಸ್ಪಾನ್ಸ್ ಸಾಲಿಗೆ ನೇರ ಹೋಗುತ್ತಾರೆ. 12 ಇಂಚಿನದು, ಮುಂದೆ ಪೋರ್ಟ್, ಅಂದರೆ ಗಾಳಿ ಆಡುವ ತೂತು, ಇರುವುದು, 18 ಹರ್ಟ್ಸ್. "ಇದು ಬೇಡ." ಇನ್ನೊಂದು, 22. "ಇದೂ ಬೇಡ." ಪೋರ್ಟ್ ಇದ್ದರೆ ಹೆಚ್ಚು ಕೆಳಗೆ ಇಳಿಯುತ್ತೆ, ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಬೇಸ್ ಬಿಗಿಯಾಗಿರುತ್ತೆ ಅಂತ ಒಂದು ಸಲ ಬಾಯಿ ತಪ್ಪಿ ವಿವರಿಸಿದ್ದೆ. ಈಗ ಮೊದಲ ಪ್ರಶ್ನೆಯೇ "ತೂತು ಇದೆಯಾ?" 28 ಹರ್ಟ್ಸ್‌ನದ್ದು ಸಿಕ್ಕಿತು, ಪಾಸಾಯಿತು ಅಂದುಕೊಂಡೆ. ಅವರು ಅದರ ಪಕ್ಕ ಇದ್ದ ಮೈನಸ್ 3 ಡಿಬಿ ಅನ್ನುವುದರ ಮೇಲೆ ಬೆರಳಿಟ್ಟರು. ಸದ್ದು ಅಲ್ಲಿಗೆ ಮೂರು ಡೆಸಿಬಲ್ ಇಳಿದಿರುತ್ತೆ ಮಾವ ಅಂದೆ. "ಇಳಿದಿರುತ್ತೆ. ನಿಂತಿರಲ್ಲ. ಮೈನಸ್ ಹತ್ತಕ್ಕೆ ಎಷ್ಟು ಹರ್ಟ್ಸ್?" ಮೈಸೂರಿನ ಅಷ್ಟೂ ಹುಡುಗರನ್ನು ಕರೆತಂದು ಮಾವನ ಮುಂದೆ ಚಾಪೆ ಹಾಕಿ ಕೂರಿಸಬೇಕು ಅನಿಸಿತು.

ನಾನೂ ವಾದ ಮಾಡಿದೆ. ಆನೆಯ ಕೂಗು ಕಿಲೋಮೀಟರ್‌ಗಟ್ಟಲೆ ಹೋಗುತ್ತೆ, ನಮ್ಮ ಪೆಟ್ಟಿಗೆಯದು ಕಾಫಿ ಕಣ ದಾಟುವುದಿಲ್ಲ ಅಂದೆ.

ಮಾವ ಸ್ವಲ್ಪ ಯೋಚಿಸಿದರು. "ಸರಿ. ಆನೆ ಕಣದಲ್ಲೇ ನಿಂತಿದ್ರೆ?"

ಇದಕ್ಕೆ ಯಾವ ಕಂಪನಿಯ ಮ್ಯಾನ್ಯುಯಲ್‌ನಲ್ಲೂ ಉತ್ತರ ಇಲ್ಲ.

ಈ ಮಾತು ತೋಟದ ಕೆಲಸದವರ ಲೈನ್ ಮನೆಗಳಿಗೂ ಹೋಯಿತು. ಹೋಗುವಷ್ಟರಲ್ಲಿ ತಿರುಗಿ ಬಿಟ್ಟಿತ್ತು. ಮಾರನೇ ದಿನ ಕೆಲಸದವರು "ಅಣ್ಣ, ಆನೆ ಓಡಿಸೋ ಮೆಷಿನ್ ಯಾವಾಗ ಬರುತ್ತೆ?" ಅಂತ ಕೇಳಿದರು. ಪಕ್ಕದ ತೋಟದವರು ಅರ್ಧ ದುಡ್ಡು ಹಾಕಲು ತಯಾರಿದ್ದಾರಂತೆ. ಅವರಿಗೆ ಇನ್ನೂ ನಿಜ ಹೇಳಿಲ್ಲ.

ಮಡಿಕೇರಿಯ ಗೆಳೆಯನ ಸಬ್‌ವೂಫರ್ ತಂದು ಜಾಗ ಹುಡುಕಿದ್ದು ಬೇರೆಯೇ ಕಥೆ. 40 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು ಎಂಟೂವರೆ ಮೀಟರ್, ಅದು ನಮ್ಮ ಹಾಲ್‌ಗಿಂತ ಉದ್ದ. ಹಾಗಾಗಿ ಅಲೆ ಗೋಡೆಗೆ ಬಡಿದು ವಾಪಸ್ ಬಂದು ಒಂದು ಕಡೆ ಬೇಸ್ ಕಿತ್ತುಕೊಂಡು ಬರುತ್ತೆ, ಎರಡು ಹೆಜ್ಜೆ ಆಚೆ ಮಾಯ. ಒಳ್ಳೆಯ ಜಾಗ ಹುಡುಕಲು ಒಂದು ಪದ್ಧತಿ ಇದೆ. ನಾವು ಕೂರುವ ಜಾಗದಲ್ಲಿ ಸಬ್ ಇಟ್ಟು, ನಾವು ಗೋಡೆ ಪಕ್ಕ ಅಂಬೆಗಾಲಿಡುತ್ತಾ ಕೇಳಬೇಕು. ಎಲ್ಲಿ ಬೇಸ್ ಸಮನಾಗಿ ಕೇಳುತ್ತೋ ಅಲ್ಲೇ ಸಬ್ ಇಡಬೇಕು. ಮಾವನ ಆರಾಮಕುರ್ಚಿಯ ಮೇಲೆ ಸಬ್ ಕೂತಿದೆ, ನಾನು ಲುಂಗಿ ಎತ್ತಿ ಕಟ್ಟಿ ನಾಲ್ಕು ಕಾಲಲ್ಲಿ ಮೆಣಸಿನ ಮೂಟೆ ದಾಟುತ್ತಿದ್ದೇನೆ. ಮಾವ ಗಂಬೂಟಿನಲ್ಲಿ ಬಾಗಿಲಲ್ಲಿ ನಿಂತರು. ಕುರ್ಚಿ ನೋಡಿದರು, ನನ್ನನ್ನು ನೋಡಿದರು. ಬೂಟು ಬಿಚ್ಚಿ ಒಳಗೆ ಬಂದು ಬರಿಗಾಲನ್ನು ನೆಲಕ್ಕೆ ಒತ್ತಿ ಕಣ್ಣು ಮುಚ್ಚಿದರು. "ಆನೆಗೆ ಪಾದದಲ್ಲೂ ಗೊತ್ತಾಗುತ್ತಂತೆ" ಅಂದರು. ಅದೂ ನಿಜವೇ.

ಎಲ್ಲಕ್ಕಿಂತ ಒಳ್ಳೆಯ ಜಾಗ ಸಿಕ್ಕಿದ್ದು ಶೋಕೇಸ್ ಪಕ್ಕ. ಅದರೊಳಗೆ ಮಾವ ಹಾಕಿಯಲ್ಲಿ ಗೆದ್ದ ಕಪ್‌ಗಳಿವೆ. ಹಾಡಿನಲ್ಲಿ ಒಂದು ಸ್ವರ ಬಂದಾಗಲೆಲ್ಲ ನಡುವಿನ ಬೆಳ್ಳಿ ಬಣ್ಣದ ಕಪ್‌ನ ಮುಚ್ಚಳ ಗಿಣಿಗಿಣಿ ಅನ್ನುತ್ತೆ. ಬೇರೆ ಯಾವ ಸ್ವರಕ್ಕೂ ಅದು ಅಲ್ಲಾಡುವುದಿಲ್ಲ. ಕಪ್ ಬೇರೆ ಕಡೆ ಇಡೋಣ ಅಂದೆ. ಮಾವ ನನ್ನನ್ನೇ ಬೇರೆ ಕಡೆ ಇಡುವವರ ಹಾಗೆ ನೋಡಿದರು. ಕೊನೆಗೆ ಮುಚ್ಚಳದ ಅಡಿಗೆ ಪೇಪರ್ ಮಡಚಿ ಸಿಕ್ಕಿಸಿದೆವು.

ಆವತ್ತು ರಾತ್ರಿ ಮಳೆ ಸ್ವಲ್ಪ ಬಿಟ್ಟಿತ್ತು. ಹೆಂಚಿನ ಸದ್ದಿಲ್ಲದೆ ಸರಿಯಾಗಿ ಕೇಳಲು ಆಗಿದ್ದೇ ಆಗ. ಡೋಲಿನ ಒಂದು ರೆಕಾರ್ಡಿಂಗ್ ಹಾಕಿದೆ. ಮಾವ ಏನೂ ಅನ್ನಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ಪುತ್ತರಿ ಸುಗ್ಗಿ ಹಬ್ಬದ ರಾತ್ರಿ ಗದ್ದೆಯ ಆಚೆ ದಡದಲ್ಲಿ ವಾಲಗ ಶುರುವಾದರೆ ಮೊದಲು ಡೋಲು ಮಾತ್ರ ಬರುತ್ತಿತ್ತು, ಕೊಂಬಿನ ದನಿ ಕೇಳಬೇಕಾದರೆ ಗದ್ದೆಗೆ ಇಳಿಯಬೇಕಿತ್ತು ಅಂದರು. ಹೌದು, ದೂರ ಹೋದಷ್ಟೂ ಮೇಲಿನ ಸ್ವರವನ್ನು ಗಾಳಿ, ಮರ ಕುಡಿದುಬಿಡುತ್ತವೆ, ಕೆಳಗಿನದು ಉಳಿಯುತ್ತೆ. ಅದನ್ನು ಹೇಳಲು ಹೋಗಲಿಲ್ಲ. ಅವರ ಜೊತೆ ಆ ಗದ್ದೆಗೆ ಇಳಿಯುತ್ತಿದ್ದವರಲ್ಲಿ ಈಗ ಹೆಚ್ಚಿನವರಿಲ್ಲ.

ಮಾರನೇ ದಿನ ಗೆಳೆಯನದನ್ನು ವಾಪಸ್ ಕೊಟ್ಟು, ಮಾವನ ಒಪ್ಪಿಗೆಯ ಮುದ್ರೆ ಬಿದ್ದ 10 ಇಂಚಿನದಕ್ಕೆ ಆನ್‌ಲೈನ್‌ನಲ್ಲೇ ಆರ್ಡರ್ ಹಾಕಿದೆ. ಮುಚ್ಚಿದ ಪೆಟ್ಟಿಗೆ, ಹಿಂದೆ ಕೆಂಪು ಕಪ್ಪು ಟರ್ಮಿನಲ್, ಎಷ್ಟು ಹರ್ಟ್ಸ್‌ನ ಕೆಳಗೆ ಸಬ್ ಹಾಡಬೇಕು ಅಂತ ಹೇಳುವ ಕ್ರಾಸ್‌ಓವರ್ 120ರವರೆಗೆ ಏರಿಸಬಹುದು, 30 ಹರ್ಟ್ಸ್‌ಗೆ ಸುಸ್ತಾಗುತ್ತೆ. ಮಳೆಗಾಲಕ್ಕೆ ಕೋನ್‌ಗೆ ಬೂಷ್ಟು ಹಿಡಿಯದೇ ಇದ್ದರೆ ಸಾಕು.

ಇವತ್ತು ಬೆಳಿಗ್ಗೆ ತಿಂಡಿ ಹೊತ್ತಿಗೆ ಕೊರಿಯರ್ ಹುಡುಗನ ಫೋನ್. ಕೈ ಎಣ್ಣೆಯಾಗಿತ್ತು, ಸ್ಪೀಕರ್‌ಗೆ ಹಾಕಿದೆ.

"ಸರ್, ದೊಡ್ಡ ಪೆಟ್ಟಿಗೆ ಒಂದಿದೆ ನಿಮ್ದು. ನಿಮ್ಮ ಗೇಟ್ ಹತ್ರ ಎರಡು ಆನೆ ನಿಂತಿವೆ. ನಾನು ವಾಪಸ್ ಸಿದ್ದಾಪುರಕ್ಕೆ ಹೋಗ್ತೀನಿ, ನೀವೇ ಬಂದು ತಗೊಳ್ಳಿ."

ಮಾವ ರೊಟ್ಟಿ ತಟ್ಟೆಯಿಂದ ತಲೆ ಎತ್ತಿದರು.

"ನೋಡಿದ್ರಾ? ಇನ್ನೂ ಪ್ಲಗ್ಗೇ ಹಾಕಿಲ್ಲ."