ತಬರನ ಡಿವಿಡಿ

ಕನ್ನಡದಲ್ಲಿ ಸಿನಿಮಾ ಪ್ರೇಮಿ ಅನ್ನಿಸಿಕೊಳ್ಳಲು ಸಿನಿಮಾ ನೋಡಲೇಬೇಕು ಅಂತೇನಿಲ್ಲ. ದೇಶದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಬಂದ ಆರು ಚಿತ್ರಗಳ ಹೆಸರು ಬಾಯಿಪಾಠ ಇದ್ದರೆ ಸಾಕು. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಒಂದೇ ಉಸಿರಿಗೆ ಹೇಳಬೇಕು. ಕೊನೆಗೆ ‘ಈಗೆಲ್ಲಿ ಬರ್ತವೆ ಸ್ವಾಮಿ ಅಂಥವು’ ಅಂತ ನಿಟ್ಟುಸಿರು ಬಿಡಬೇಕು.

ನಾನೂ ಇಪ್ಪತ್ತು ವರ್ಷ ಹೀಗೇ ಮರ್ಯಾದೆಯಿಂದ ಕಾಲ ಹಾಕಿದೆ. ಗ್ರಹಚಾರಕ್ಕೆ ಒಂದು ಭಾನುವಾರ ಅಕ್ಕನ ಮಗಳು ಕೇಳಿಬಿಟ್ಟಳು. “ಮಾಮ, ತಬರನ ಕಥೆ ಅಂತ ಯಾವಾಗ್ಲೂ ಹೇಳ್ತಿರ್ತೀಯಲ್ಲ, ಹಾಕು, ನೋಡೋಣ.”

ಹಾಕು ಅಂದರೆ ಏನು ಹಾಕೋದು? ಮನೆಯಲ್ಲಿದ್ದ ವಿಸಿಡಿಗಳ ಡಬ್ಬ ತೆಗೆದೆ. 28 ರೂಪಾಯಿಗೆ ಒಂದು ಸಿನಿಮಾ ಸಿಗುತ್ತಿದ್ದ ಕಾಲದಲ್ಲಿ ತಂದು ಪೇರಿಸಿದ್ದವು. ಆಗ ಒಂದು ಸಿನಿಮಾ ಎರಡು ಮೂರು ತಟ್ಟೆಯಲ್ಲಿ ಬರುತ್ತಿತ್ತು. ನಾಯಕ ಕಪಾಳಕ್ಕೆ ಹೊಡೆಯಲು ಕೈ ಎತ್ತಿದಾಗ ಮೊದಲ ತಟ್ಟೆ ಮುಗಿಯುತ್ತಿತ್ತು. ಏಟು ಬೀಳುತ್ತಿದ್ದದ್ದು ಎರಡನೆಯದರಲ್ಲಿ. ಆ ಎರಡನೆಯದನ್ನು ಪಕ್ಕದ ಮನೆಯವರು ತೆಗೆದುಕೊಂಡು ಹೋಗಿ ಹದಿನೈದು ವರ್ಷವಾಯಿತು. ಖಳನಾಯಕ ಇನ್ನೂ ಕೆನ್ನೆ ಒಡ್ಡಿಕೊಂಡೇ ನಿಂತಿದ್ದಾನೆ. ಇರಲಿ, ಡಬ್ಬದಲ್ಲಿ ತಬರ ಇರಲಿಲ್ಲ.

ಗಾಂಧಿನಗರಕ್ಕೆ ಹೋದೆ. ಹಿಂದೆ ಡಿಸ್ಕ್ ಮಾರುತ್ತಿದ್ದ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ನೇತಾಡುತ್ತಿವೆ. ಅಂಗಡಿಯವರು ಒಂದು ಕಂಪನಿಯ ವಿಳಾಸ ಕೊಟ್ಟರು. ಕಂಪನಿಯವರು, “ರೈಟ್ಸ್ ನಮ್ಮ ಹತ್ರಾನೇ ಇರಬೇಕು ಸಾರ್, ಪ್ರಿಂಟ್ ಇಲ್ಲ,” ಅಂದರು. ಅವರು ತೋರಿಸಿದ ಇನ್ನೊಂದು ಬಾಗಿಲಿಗೆ ಹೋದೆ. “ಪ್ರಿಂಟ್ ಎಲ್ಲೋ ಇರಬೇಕು ಸಾರ್, ರೈಟ್ಸ್ ಇಲ್ಲ. ಸೋಮವಾರ ಬನ್ನಿ.” ಸೋಮವಾರ ಹೋದೆ. ಸಾಹೇಬರು ಊಟಕ್ಕೆ ಹೋಗಿದ್ದರು. ಮುಂದಿನ ಸೋಮವಾರವೂ ಊಟದಲ್ಲೇ ಇದ್ದರು.

ಆ ಬೆಂಚಿನ ಮೇಲೆ ಕೂತಾಗ ನೆನಪಾಯಿತು. ಚಿತ್ರದ ಕಥೆಯೇ ಇದಲ್ವಾ? ನಿವೃತ್ತನಾದ ತಬರ ಪೆನ್ಷನ್ನಿಗಾಗಿ ಕಚೇರಿ ಕಚೇರಿ ಅಲೆಯುತ್ತಾನೆ. ಹೆಂಡತಿಯ ಚಿಕಿತ್ಸೆಗೆ ಆ ದುಡ್ಡು ಬೇಕು, ಕಾಗದ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ಚಾರುಹಾಸನ್ ಇದೇ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ನನಗೆ ಟೋಕನ್ನೂ ಸಿಗಲಿಲ್ಲ.

“ಮೊಬೈಲಲ್ಲೇ ನೋಡಿ ಸಾರ್, ಸುಮ್ನೆ ಯಾಕೆ ಒದ್ದಾಡ್ತೀರಿ,” ಅಂದ ಅಲ್ಲಿನ ಹುಡುಗ. ನೋಡಬಹುದು, ಯಾಕಾಗಬಾರದು. ಹಳೆಯ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ನನಗೂ ಅಭ್ಯಾಸವಿದೆ. ಬಲ ಮೂಲೆಯಲ್ಲಿ ಈಗಿನವರ ಲೋಗೋ. ಅದರ ಕೆಳಗೆ ಹಿಂದಿನವರ ಲೋಗೋ, ಅಳಿಸಲು ಹೋಗಿ ಮಸಿ ಬಳಿದಂತಾಗಿದೆ. ಕೆಳಗೆ ಓಡುವ ಫೋನ್ ನಂಬರ್. ಇವರೆಲ್ಲ ಬಿಟ್ಟುಕೊಟ್ಟ ಜಾಗದಲ್ಲಿ ನಾಯಕಿ ಬಾಡಿಗೆದಾರಳ ಹಾಗೆ ಮುದುಡಿಕೊಂಡು ಅಳುತ್ತಾಳೆ. ಚೌಕದ ಚಿತ್ರವನ್ನು ಎರಡೂ ಕಡೆ ಎಳೆದು ಅಗಲ ಮಾಡಿರುವುದರಿಂದ, ಬರಗಾಲದ ಸಿನಿಮಾದಲ್ಲೂ ರೈತರು ಮೈಕೈ ತುಂಬಿಕೊಂಡು ಕಾಣುತ್ತಾರೆ. ಸಾವಿನ ದೃಶ್ಯಕ್ಕೆ ಸರಿಯಾಗಿ ಹಾಸಿಗೆಯ ಜಾಹೀರಾತು ಬರುತ್ತದೆ.

ನಮಗೆ ಹಳೆಯ ಸಿನಿಮಾ ಮೇಲೆ ಪ್ರೀತಿ ಇಲ್ಲ ಅಂತಲ್ಲ. ‘ಕಸ್ತೂರಿ ನಿವಾಸ’ ಕಪ್ಪು-ಬಿಳುಪಿನಲ್ಲಿ ಚೆನ್ನಾಗಿಯೇ ಇತ್ತು, 2014ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಬಿಟ್ಟೆವು. ಅಜ್ಜಿಯ ಹಳೇ ಫೋಟೋಕ್ಕೆ ಲಿಪ್‌ಸ್ಟಿಕ್ ಹಚ್ಚುವ ಪ್ರೀತಿ ಅದು. 1977ರ ‘ಘಟಶ್ರಾದ್ಧ’ವನ್ನು ಮಾತ್ರ ಬೇರೆಯವರು ನೋಡಿಕೊಂಡರು. ನೆಗೆಟಿವ್ ಪುಣೆಯ ಆರ್ಕೈವಿನಲ್ಲಿತ್ತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಶುರು ಮಾಡಿದ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು 4ಕೆಯಲ್ಲಿ ಹೊಸದಾಗಿಸಿದವು. ದುಡ್ಡು ಕೊಟ್ಟದ್ದು ‘ಸ್ಟಾರ್ ವಾರ್ಸ್’ ಮಾಡಿದ ಜಾರ್ಜ್ ಲ್ಯೂಕಾಸ್ ಕುಟುಂಬದ ಫೌಂಡೇಶನ್. ಆ ಚಿತ್ರದಲ್ಲಿರುವ ನಮ್ಮ ವೇದಪಾಠಶಾಲೆಯ ಹುಡುಗನ ಮುಖ ಒರೆಸಲು ಅಂತರಿಕ್ಷದ ದುಡ್ಡು ಬರಬೇಕಾಯಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ನಮ್ಮ ಪಾಲಿನ ಕೆಲಸವನ್ನೂ ನಾವು ಮಾಡಿದೆವು. ಸ್ಟೇಟಸ್ ಹಾಕಿದೆವು.

ಹೆಮ್ಮೆ ಪಡಲು ಎಲ್ಲಕ್ಕಿಂತ ಸಲೀಸಾದದ್ದು ‘ಸತಿ ಸುಲೋಚನ’. 1934ರ ಮೊದಲ ಕನ್ನಡ ಟಾಕಿ. ಪ್ರಿಂಟ್ ಎಲ್ಲೂ ಉಳಿದಿಲ್ಲ. ಆದ್ದರಿಂದ ‘ನೀನು ನೋಡಿದ್ದೀಯಾ’ ಅಂತ ಕೇಳುವ ಅಕ್ಕನ ಮಕ್ಕಳ ಕಾಟವೂ ಇಲ್ಲ.

ಮೊನ್ನೆ ಆ ಎರಡನೇ ಬಾಗಿಲಿನವರಿಂದ ಫೋನ್ ಬಂತು. ಊಟ ಮುಗಿದಿತ್ತು ಅಂತ ಕಾಣುತ್ತದೆ. ಎದ್ದು ನಿಂತು ಮಾತಾಡಿದೆ.

“ಸಾರ್, ಆ ತಬರನ ಕಥೆ ಹುಡುಕ್ತಿದ್ದವರು ನೀವೇ ಅಲ್ವಾ?”

“ಹೌದು ಸಾರ್, ಸಿಕ್ತಾ?”

“ಅದನ್ನೇ ಕೇಳೋಣ ಅಂತ ಮಾಡಿದ್ದು. ಒಳ್ಳೆ ಪ್ರಿಂಟ್ ಸಿಕ್ಕಿದ್ರೆ ನಮಗೂ ಒಂದು ಕಾಪಿ ಕೊಡಿ. ಲೋಗೋ ರೆಡಿ ಇದೆ.”