ಡ್ಯಾಫೊಡಿಲ್ ಬೇಡ, ರೇನ್ ಲಿಲ್ಲಿ ಹಾಕಿ

ವೇಲ್ಸ್‌ನ ಶಾಲಾ ಮಕ್ಕಳು 2005ರಿಂದ ಡ್ಯಾಫೊಡಿಲ್, ಕ್ರೋಕಸ್ ಗಡ್ಡೆ ನೆಟ್ಟು ಹೂ ಅರಳಿದ ದಿನ, ಉಷ್ಣಾಂಶ, ಮಳೆ ಬರೆದಿಡುತ್ತಿದ್ದಾರೆ ಎಂದು ಓದಿ ನಮ್ಮ ಧಾರವಾಡ, ಗದಗ ಶಾಲೆಗಳೂ ಅದೇ ಗಡ್ಡೆ ತರಿಸುವುದು ದಂಡ. ಅವಕ್ಕೆ ವಾರಗಟ್ಟಲೆ ಕೊರೆಯುವ ಚಳಿ ಬೇಕು. ಬದಲಿಗೆ ಮಳೆ ಬಿದ್ದೊಡನೆ ಅರಳುವ ಗಡ್ಡೆ ಹೂ ರೇನ್ ಲಿಲ್ಲಿ ಹಾಕಿ.

ಬರೀ ಎರೆಮಣ್ಣಲ್ಲಿ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಮಸಾರಿ (ಕೆಂಪು) ಮಣ್ಣು 2 ಪಾಲು, ಮರಳು 1, ಹಳೇ ತಿಪ್ಪೆಗೊಬ್ಬರ 1. ಆಳ 2 ಇಂಚು. ಬೇರೂರಿದ ಮೇಲೆ ನೀರು ಹಾಕುವುದನ್ನು ನಿಲ್ಲಿಸಿ, ಇದು ಮುಖ್ಯ. ಒಣಗಿದ ಗಡ್ಡೆ ಮಳೆ ಬಿದ್ದ ಕೆಲವೇ ದಿನಕ್ಕೆ ಹೂ ಬಿಡುತ್ತದೆ. ಮಕ್ಕಳು ಪ್ರೀತಿಯಿಂದ ಕೊಡ ತಂದು ಸುರಿದರೆ ಆ ನೀರಿಗೂ ಅರಳಿಬಿಡುತ್ತದೆ, ಯಾವ ಮಳೆಗೆ ಯಾವಾಗ ಹೂ ಬಂತೆಂಬ ಲೆಕ್ಕ ಕೆಟ್ಟಿತು.

ಮಳೆಮಾಪಕಕ್ಕೆ ಬಾಟಲಿ ಕತ್ತರಿಸುವವರು ತಳದ ಉಬ್ಬುತಗ್ಗು ಮುಚ್ಚುವಷ್ಟು ಹರಳು, ನೀರು ಹಾಕಿ, ಅಲ್ಲಿ ಸೊನ್ನೆ ಗುರುತಿಸಿ. ಏಪ್ರಿಲ್-ಮೇ ರಜೆಯಲ್ಲಿ ದಾಖಲೆ ಪುಸ್ತಕವನ್ನು ಶಾಲೆ ಹತ್ತಿರದ ಮನೆಯ ಮಕ್ಕಳಿಗೆ ಕೊಡಿ; ಅಡ್ಡಮಳೆಗೆ ಮೊದಲ ಹೂ ಬರುವುದು ಆಗಲೇ.